ಗೊಂಬೆಗೆ ಕೈ ಅಂಟಿಸುವುದಿಲ್ಲ

ಮುಚ್ಚಿದ ಕಾರ್ಖಾನೆಯಲ್ಲಿ ನಮ್ಮ ಸಂಘ ನಿಲ್ಲಿಸುತ್ತಿರುವ ಮುರಿದ ಮೂರ್ತಿಗಳಲ್ಲಿ ಒಂದನ್ನು ನೋಡಿ, “ಈ ಗೊಂಬೆಗೆ ಕೈ ಯಾವಾಗ ಅಂಟಿಸ್ತೀರಾ?” ಎಂದು ನಮ್ಮ ಕನ್ನಡ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ. ಅಂಟಿಸುವುದಿಲ್ಲ ಪುಟ್ಟಿ. ಗುಜರಿಯಿಂದ ತಂದ ಮೂರ್ತಿಗೆ ಹೊಸ ಕೈ ಬಂದರೆ ಅದು ಮತ್ತೆ ಅಂಗಡಿ ಸರಕೇ. 2014ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಹಳೆಯ ಡಾಮಿನೊ ಸಕ್ಕರೆ ಕಾರ್ಖಾನೆಯಲ್ಲಿ ಅಮೆರಿಕದ ಕಲಾವಿದೆ ಕಾರಾ ವಾಕರ್ ನಿಲ್ಲಿಸಿದ್ದ, ಸಕ್ಕರೆಯಲ್ಲಿ ಎರಕ ಹೊಯ್ದ ಹುಡುಗರ ಮೂರ್ತಿಗಳಲ್ಲಿ ಕೆಲವು ಸೆಕೆಗೆ ಕರಗಿ ಬಿದ್ದಾಗ, ಆ ಚೂರುಗಳನ್ನು ಉಳಿದ ಮೂರ್ತಿಗಳು ಹಿಡಿದಿದ್ದ ಬುಟ್ಟಿಗೇ ಹಾಕಿದರು.

ಮುಚ್ಚಿದ ಕಾರ್ಖಾನೆಯಲ್ಲಿ ಮೂರ್ತಿಗಳ ಮೊದಲ ವೈರಿ ತೇವ. ದೊಡ್ಡ ಪ್ಲಾಸ್ಟರ್ ಮೂರ್ತಿಯ ಒಳಗೆ ಹೆಚ್ಚಾಗಿ ಕಬ್ಬಿಣದ ಸರಳಿರುತ್ತದೆ. ಅದಕ್ಕೆ ತುಕ್ಕು ಹಿಡಿದರೆ ಸರಳು ಉಬ್ಬಿ, ಪ್ಲಾಸ್ಟರ್ ಒಳಗಿನಿಂದಲೇ ಸೀಳುತ್ತದೆ. ಮೇಲೆ ಬಣ್ಣ ಬಳಿದರೆ ತೇವ ಒಳಗೇ ಉಳಿದು ಕೆಲಸ ಇನ್ನಷ್ಟು ಕೆಡುತ್ತದೆ. ಬೆರಳಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಚೆನ್ನಾಗಿ ಒಣಗಿಸಿ, ಸಡಿಲ ತುಕ್ಕನ್ನು ಬ್ರಷ್ಷಿನಿಂದ ಕೆರೆದು, ಅಸಿಟೋನಿನಲ್ಲಿ ಕರಗಿಸಿದ ಶೇ. 5ರ ಪ್ಯಾರಲಾಯ್ಡ್ ಬಿ-72 (ಹಳೆಯ ವಸ್ತುಗಳನ್ನು ಗಟ್ಟಿ ಮಾಡಲು ಬಳಸುವ ಅಕ್ರಿಲಿಕ್ ರಾಳ) ದ್ರಾವಣವನ್ನು ಬಿರುಕಿಗೆ ಹನಿಹನಿಯಾಗಿ ಇಳಿಸಿ. ಗಟ್ಟಿ ದ್ರಾವಣ ಒಳಗಿಳಿಯದು, ಮೇಲೇ ನಿಂತು ಮಿಂಚುತ್ತದೆ. ಅಸಿಟೋನ್ ಬಳಿ ವೆಲ್ಡಿಂಗ್ ಬೇಡವೇ ಬೇಡ. ಥರ್ಮೋಕೋಲ್ ಗೊಂಬೆಗಂತೂ ಅದನ್ನು ತಾಗಿಸಲೇಬೇಡಿ, ಮುಖವೇ ಕರಗಿಹೋಗುತ್ತದೆ.

ಬಟ್ಟೆ ಅಂಗಡಿಯ ಫೈಬರ್ ಗ್ಲಾಸ್ ಗೊಂಬೆಗಳು ಸುಲಭ. ಹಿಮ್ಮಡಿಯಲ್ಲೋ ಮೀನಖಂಡದಲ್ಲೋ ಸರಳಿನ ತೂತು ಇರುತ್ತದೆ. ಅದಕ್ಕೆ ಹೊಂದುವ ಸರಳನ್ನು ಅಗಲವಾದ ಕಬ್ಬಿಣದ ಪ್ಲೇಟಿಗೆ ವೆಲ್ಡ್ ಮಾಡಿದರಾಯಿತು. ಹೊಸ ತೂತು ಕೊರೆಯುವುದಾದರೆ ಮಾಸ್ಕ್ ಹಾಕಿಕೊಂಡು, ಬೋಲ್ಟಿನ ಎರಡೂ ಕಡೆ ದೊಡ್ಡ ವಾಷರ್ ಇಡಿ, ಇಲ್ಲದಿದ್ದರೆ ಭಾರವೆಲ್ಲ ತೂತಿನ ಅಂಚಿಗೆ ಬಿದ್ದು ಸೀಳುತ್ತದೆ. ಯಾವ ಮೂರ್ತಿಯೂ ನೇರ ಕಾಂಕ್ರೀಟಿನ ಮೇಲೆ ನಿಲ್ಲಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ತುಂಡು. ತೂಗುಹಾಕುವವಕ್ಕೆ ಎರಡು ಬೇರೆ ಬೇರೆ ವೈರ್ ರೋಪ್, ಒಂದೊಂದೂ ಪೂರ್ತಿ ಭಾರ ಹೊರುವಂಥದ್ದು, ಅದೂ ಎಂಜಿನಿಯರ್ ನೋಡಿ ಒಪ್ಪಿದ ತೊಲೆಗೆ ಮಾತ್ರ.

ಬೆಳಕು ಪಕ್ಕದಿಂದ, ಕೆಳಮಟ್ಟದಲ್ಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಮುರಿದ ಅಂಚನ್ನೆಲ್ಲ ಸಪ್ಪೆ ಮಾಡುತ್ತದೆ.

ಪತ್ರಿಕೆ ಇವತ್ತೇ ಅಚ್ಚಿಗೆ ಹೋಗಬೇಕು, ಉಳಿದದ್ದು ಒಂದೇ ಉಸಿರಿಗೆ: ಕನ್ನಡ ತರಗತಿ ಎಂದಿನಂತೆ ಭಾನುವಾರ, ಗ್ರಂಥಾಲಯದ ಪುಸ್ತಕಗಳನ್ನು ದಯವಿಟ್ಟು ಹಿಂದಿರುಗಿಸಿ, ನಾಟಕದ ತಾಲೀಮು ಶುಕ್ರವಾರ ಸಂಜೆ, ಸದಸ್ಯತ್ವ ನವೀಕರಣ ಬಾಕಿ ಇರುವವರು ಖಜಾಂಚಿಗೆ ಮುಖ ತೋರಿಸಿ.

ಶನಿವಾರ ಪ್ಲಾಸ್ಟರ್ ಮೂರ್ತಿಗಳನ್ನು ಎತ್ತಿಡಬೇಕು. ಒಂದಕ್ಕೆ ನಾಲ್ಕು ಜನ ಬೇಕು, ಬರುತ್ತೇವೆಂದವರು ಇಬ್ಬರೇ. ನೆಲದ ದೂಳಿನಲ್ಲಿ ಹಳೆಯ ಸೀಸದ ಬಣ್ಣ ಇರಬಹುದು, ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸೋಣ. ಕಲ್ನಾರಿನ ಶೀಟಿಗೆ ಯಾರೂ ಡ್ರಿಲ್ ತಾಗಿಸಕೂಡದು. ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ಚಪ್ಪಲಿಯಲ್ಲಿ ಬಂದವರಿಗೆ ಬಾಗಿಲಾಚೆ ಚಹಾ ಕಾಯಿಸುವ ಕೆಲಸ.