ನೀರಿನ ಯಂತ್ರದ ವಿಚಾರವಾಗಿ ತಮ್ಮನ ಮಗಳಿಗೆ ಬರೆದ ಕಾಗದ

ಪಾವಗಡ ತಾಲ್ಲೂಕು
12–10–2025

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿ ಹತ್ತು ದಿನಗಳಾದವು. ಮನೆಗೆ ಯಾವ ನೀರಿನ ಫಿಲ್ಟರ್ ಕೊಳ್ಳಬೇಕು, ನೀರನ್ನು ಪೊರೆಯ ಮೂಲಕ ಹಾಯಿಸಿ ಕರಗಿದ ಲವಣಗಳನ್ನೂ ತೆಗೆಯುವ ಆರ್‌ಓ ಬೇಕೋ, ನೇರಳಾತೀತ ಬೆಳಕು ಹಾಯಿಸುವ ಯುವಿ ಸಾಕೋ ಎಂದು ನೀನು ಎರಡು ಪುಟ ಬರೆದಿದ್ದೀಯೆ. ಅದರ ನಡುವೆ, ಪಾಪುವಿಗೆ ಹೊಸದಾಗಿ ಬಂದಿರುವ ಎರಡು ಮುಂದಿನ ಹಲ್ಲುಗಳ ಮೇಲೂ ಸುಣ್ಣದ ನೀರಿನಲ್ಲಿ ಎಳೆದಂತೆ ಸಣ್ಣ ಬಿಳಿ ಗೆರೆಗಳು ಕಾಣುತ್ತಿವೆ, ಇದಕ್ಕೂ ನಮ್ಮ ಫ್ಲಾಟಿನ ನೀರಿಗೂ ಸಂಬಂಧವಿರಬಹುದೇ ಎಂದು ಒಂದೇ ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೀಯೆ. ನನಗೆ ಆ ಸಾಲನ್ನು ದಾಟಿ ಹೋಗಲಾಗಲಿಲ್ಲ. ಉತ್ತರ ತಡವಾದದ್ದು ಅದಕ್ಕೇ.

ಹಲ್ಲಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಏಳನೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಬಾಚಿಹಲ್ಲು ಏಳನೆಯ ವಯಸ್ಸಿನಲ್ಲಿ ತಯಾರಾಗುವುದಲ್ಲ. ಅದರ ಮೇಲಿನ ಹೊಳಪಿನ ಪದರ, ಎನಾಮೆಲ್ ಎನ್ನುತ್ತಾರಲ್ಲ, ಅದು ಮಗು ಹುಟ್ಟಿದ ಕೆಲವು ತಿಂಗಳಿಗೆ ಶುರುವಾಗಿ ನಾಲ್ಕೈದು ವರ್ಷದವರೆಗೆ ದವಡೆಯ ಒಳಗೇ ಕಟ್ಟಿಕೊಳ್ಳುತ್ತಾ ಬರುತ್ತದೆ. ಆ ಕಾಲದಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಎಂಬ ಲವಣದ ಅಂಶ ಹೆಚ್ಚಾಗಿದ್ದರೆ ಪದರ ಸರಿಯಾಗಿ ಗಟ್ಟಿಯಾಗದೆ, ಹಲ್ಲು ಹೊರಗೆ ಬಂದಾಗ ಗೆರೆಯಾಗಿಯೋ ಮಚ್ಚೆಯಾಗಿಯೋ ಕಾಣುತ್ತದೆ. ಅದರಲ್ಲೂ ಒಂದೂವರೆ ವರ್ಷದಿಂದ ಮೂರು ವರ್ಷದವರೆಗಿನ ಕಾಲ ಮುಂದಿನ ಹಲ್ಲುಗಳಿಗೆ ಬಹಳ ನಾಜೂಕಾದದ್ದು. ಹಾಗಾಗಿ ಆ ಗೆರೆಗಳು ಫ್ಲೋರೈಡಿನಿಂದಲೇ ಆಗಿದ್ದರೆ, ಅದಕ್ಕೆ ಕಾರಣ ನಿನ್ನ ಫ್ಲಾಟಿನ ಇವತ್ತಿನ ನೀರಲ್ಲ. 2020ರ ಮಾರ್ಚಿನಿಂದ ಎರಡು ವರ್ಷ ಅವನು ಯಾರ ಮನೆಯ ನೀರು ಕುಡಿದ ಎಂಬುದನ್ನು ನಾನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೂ ಮೊದಲು ನಾವು ಕುಡಿಯುವುದಕ್ಕೆ ಊರಿನ ಶುದ್ಧ ನೀರಿನ ಘಟಕದಿಂದಲೇ ಕ್ಯಾನು ತುಂಬಿಸಿ ತರುತ್ತಿದ್ದೆವು. ನಾಣ್ಯ ಹಾಕಿದರೆ 20 ಲೀಟರ್ ಬರುವ ಆ ಘಟಕದಲ್ಲಿರುವುದು ಆರ್‌ಓ ಯಂತ್ರವೇ. ರೋಗದ ಭಯ ಹಬ್ಬಿದ ಮೇಲೆ ಘಟಕದ ಮುಂದೆ ಸಾಲು ನಿಂತ ಜನರ ನಡುವೆ ಹೋಗಿ ಬರಲು ನಾನು ಹೆದರಿದೆ. ಮನೆಯಲ್ಲಿ ಎರಡು ವರ್ಷ ತುಂಬದ ಮಗು ಇದೆ, ಹೊರಗಿನಿಂದ ಏನನ್ನೂ ಹೊತ್ತು ತರಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಅಡುಗೆಮನೆಯ ಗೋಡೆಗೆ ಯುವಿ ಯಂತ್ರ ಇತ್ತು. ನಲ್ಲಿ ತಿರುಗಿಸಿದರೆ ನೀಲಿ ದೀಪ ಹೊತ್ತಿಕೊಂಡು, ಕನ್ನಡಿಯಂತಹ ನೀರು ಬರುತ್ತಿತ್ತು. ನಮ್ಮ ಬೋರ್‌ವೆಲ್ಲಿನ ನೀರನ್ನೇ ಅದರಲ್ಲಿ ಹಾಯಿಸಿದೆವು. ಅದೂ ಸಾಲದೆಂದು ನಿನ್ನ ದೊಡ್ಡಮ್ಮ ಆ ನೀರನ್ನು ಕುದಿಸಿ, ಆರಿಸಿ, ಬಿಳಿಯ ಬಟ್ಟೆಯಲ್ಲಿ ಸೋಸಿ, ಅವನ ಬೆಳ್ಳಿ ಲೋಟಕ್ಕೆ ಹಾಕಿ ಕುಡಿಸಿದಳು.

ಯುವಿ ಬೆಳಕು ರೋಗಾಣುಗಳನ್ನು ಕೊಲ್ಲುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡನ್ನು ಅದು ಮುಟ್ಟುವುದೂ ಇಲ್ಲ. ಕುದಿಸಿದರೆ ಆವಿಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಬಟ್ಟೆಯೂ ಅದನ್ನು ತಡೆಯದು, ಕ್ಯಾಂಡಲ್ ಫಿಲ್ಟರೂ ತಡೆಯದು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಇದು ಗೊತ್ತಿರಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷ ಒಮ್ಮೆಯೂ ನೆನಪಿಗೆ ಬರಲಿಲ್ಲ.

ನೆನಪಿಗೆ ಬರಬೇಕಾಗಿತ್ತು. ನಿನ್ನ ಸಣ್ಣತ್ತೆ ನಗುವಾಗ ಸೆರಗನ್ನು ಬಾಯಿಗೆ ತಂದುಕೊಳ್ಳುವುದನ್ನು ನೀನೂ ನೋಡಿದ್ದೀಯೆ. ಅದನ್ನು ನೀವೆಲ್ಲ ಅವಳ ನಾಚಿಕೆ ಎಂದುಕೊಂಡಿರಿ. ನಾನು ಹುಡುಗನಾಗಿದ್ದಾಗ ನಮಗೆ ತೆರೆದ ಬಾವಿಯ ನೀರು. 1972ರ ಬರಗಾಲದಲ್ಲಿ ಬಾವಿ ಬತ್ತಿ, ಊರ ಮುಂದೆ ಬೋರಿಂಗು ಕೊರೆಸಿ ಕೈಪಂಪು ಹಾಕಿದಾಗ ನಾವು ಅದಕ್ಕೆ ಅರಿಶಿನ ಕುಂಕುಮ ಇಟ್ಟು ಹೂವಿನ ಹಾರ ಹಾಕಿದ್ದೆವು. ಆಗ ಅವಳಿನ್ನೂ ತೊಟ್ಟಿಲ ಕೂಸು. ಒಂದೇ ತಾಯಿಯ ಮಕ್ಕಳಾದ ನಮ್ಮಲ್ಲಿ ಬಾವಿ ನೀರು ಕುಡಿದು ಬೆಳೆದ ನನ್ನ ಹಲ್ಲು ಬೆಳ್ಳಗೆ ಉಳಿದವು, ಬೋರಿಂಗಿನ ನೀರು ಕುಡಿದು ಬೆಳೆದ ಅವಳ ಹಲ್ಲು ಬೆಲ್ಲದ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಗುಳಿ ಬಿದ್ದವು. ನಮ್ಮ ಸೀಮೆಯ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ಆ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಇದೇನೂ ಹೊಸದಾಗಿ ಕಂಡುಕೊಂಡ ವಿಷಯವಲ್ಲ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಜನರ ಮೂಳೆ, ಹಲ್ಲುಗಳಿಗೆ ಇದರಿಂದ ಆಗುತ್ತಿದ್ದ ಹಾನಿಯನ್ನು ವೈದ್ಯರು 1937ರಲ್ಲೇ ಬರೆದಿಟ್ಟಿದ್ದರು. ನಮ್ಮ ಊರಿಗೆ ಅದು ತಿಳಿಯುವ ಹೊತ್ತಿಗೆ ಸಣ್ಣತ್ತೆಯನ್ನು ನೋಡಲು ಬಂದ ಗಂಡಿನ ಕಡೆಯವರು ಮೂರು ಸಲ ತಿರುಗಿ ಹೋಗಿದ್ದರು. ಮೂರನೆಯ ಸಲ ಬಂದವರು ಹೋದ ಮೇಲೆ ಅವಳು ಹಿತ್ತಲಿನಲ್ಲಿ ಇದ್ದಿಲ ಪುಡಿಯಿಂದ ವಸಡಿನಿಂದ ರಕ್ತ ಬರುವ ತನಕ ಹಲ್ಲು ಉಜ್ಜುತ್ತಿದ್ದಳು. ಉಜ್ಜಿದರೆ ಹೋಗುವ ಬಣ್ಣ ಅದಲ್ಲವೆಂದು ಹೇಳಲು ಆಗ ನನಗೆ ಬಾಯಿ ಬರಲಿಲ್ಲ.

ನನ್ನ ಶಾಲೆಯ ಹತ್ತನೆಯ ತರಗತಿಯ ಗುಂಪು ಫೋಟೊ ನಡುಮನೆಯಲ್ಲಿ ತೂಗುಹಾಕಿದೆಯಲ್ಲ, ನಿನ್ನ ಕಾಗದ ಬಂದ ದಿನ ಅದನ್ನು ಕೆಳಗಿಳಿಸಿ ನೋಡಿದೆ. ನಲವತ್ತು ಮಕ್ಕಳಲ್ಲಿ ಒಬ್ಬರೂ ಹಲ್ಲು ತೋರಿಸಿ ನಕ್ಕಿಲ್ಲ. ಇಷ್ಟು ವರ್ಷ ಅದನ್ನು ಶಿಸ್ತಿನ ಫೋಟೊ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಇನ್ನು ನೀನು ಕೇಳಿದ ಯಂತ್ರದ ಮಾತು. ಮನೆಗೆ ಬಂದ ಮಾರಾಟದ ಹುಡುಗ ಎರಡು ಲೋಟಗಳಲ್ಲಿ ಕಡ್ಡಿಗಳಿರುವ ಉಪಕರಣ ಅದ್ದಿ ಕರೆಂಟು ಕೊಟ್ಟನೆಂದೂ, ನಿನ್ನ ನಲ್ಲಿಯ ನೀರು ಕ್ಷಣದಲ್ಲಿ ಕಂದು ಬಣ್ಣದ ಕೊಳೆಯಾಗಿ ಅವನ ಆರ್‌ಓ ನೀರು ತಿಳಿಯಾಗಿಯೇ ಉಳಿಯಿತೆಂದೂ ಬರೆದಿದ್ದೀಯೆ. ಅದನ್ನು ನೋಡಿ ಹೆದರಬೇಡ. ಆ ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ಲವಣವಿರುವ ನೀರಿನಲ್ಲಿ ಕರೆಂಟು ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ, ಲವಣ ತೆಗೆದ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ನೀನು ನೋಡಿದ್ದು ಕಡ್ಡಿಯ ತುಕ್ಕು, ನೀರಿನ ಕೊಳೆಯಲ್ಲ. ಒಳ್ಳೆಯ ಕಾವೇರಿ ನೀರಿನಲ್ಲಿ ಅದ್ದಿದರೂ ಬಣ್ಣ ಬರುತ್ತಿತ್ತು. ಅವನು ತೋರಿಸಿದ ಟಿಡಿಎಸ್ ಮೀಟರ್ ಕೂಡ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬುದನ್ನಷ್ಟೇ ಅಂದಾಜಿನಲ್ಲಿ ಹೇಳುತ್ತದೆ, ಯಾವ ಲವಣವೆಂದು ಹೇಳುವುದಿಲ್ಲ. ಟಿಡಿಎಸ್ ಕಡಿಮೆಯಿರುವ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ನನ್ನ ಭಯಕ್ಕೆ ಆ ಮೀಟರಿನಲ್ಲಿ ಉತ್ತರವಿಲ್ಲ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸು ಎಂದು ಬೇಡಿಕೊಳ್ಳುತ್ತೇನೆ. ಬೇಡಿಕೊಳ್ಳುತ್ತೇನೆ ಎಂದು ಏಕೆ ಬರೆದೆನೆಂದರೆ, ಅಂದು ಸ್ವತಃ ಪರೀಕ್ಷೆ ಮಾಡಿಸದವನು ಈಗ ನಿನಗೆ ಆಜ್ಞೆ ಮಾಡಲಾರೆ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಗಾಜಿನ ಬಾಟಲಿಯಲ್ಲಿ ಬೇಡ, ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಟ್ಟು, ಫ್ಲೋರೈಡ್ ಎಂದು ಹೆಸರು ಹೇಳಿ ಕೇಳು. ಜೊತೆಗೆ ನೈಟ್ರೇಟ್, ಗಡಸುತನ, ರೋಗಾಣುಗಳ ಪರೀಕ್ಷೆಯೂ ಆಗಲಿ. ರೋಗಾಣುಗಳಿಗೆ ಅವರೇ ಬೇರೆ ಬಾಟಲಿ ಕೊಡುತ್ತಾರೆ. ನಮ್ಮ ದೇಶದ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್‌ವರೆಗೆ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ನಿಮ್ಮ ಕಟ್ಟಡದ ನೆಲದಡಿಯ ನೀರಿನ ತೊಟ್ಟಿಗೆ ಒಂದು ದಿನ ಬೋರ್‌ವೆಲ್ಲು, ಇನ್ನೊಂದು ದಿನ ಟ್ಯಾಂಕರು ಎಂದು ಬರೆದಿದ್ದೀಯೆ. ಟ್ಯಾಂಕರಿನ ನೀರು ಯಾವ ಊರಿನ ಯಾವ ಕೊಳವೆಬಾವಿಯದೆಂದು ಯಾರಿಗೆ ಗೊತ್ತು? ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಬೆಂಗಳೂರಿಗೆ ನೀರು ತರುವ ಕಾವೇರಿ ಯೋಜನೆಯ ಐದನೆಯ ಹಂತದ ನೀರು ಮುಂದೆ ನಿಮ್ಮ ಕಡೆಗೂ ಪೂರ್ತಿಯಾಗಿ ಬಂದರೆ ಆರ್‌ಓ ಬೇಕಾಗುವುದೇ ಇಲ್ಲ, ಯುವಿ ಸಾಕು. ಆರ್‌ಓ ಒಂದು ಲೋಟ ಕೊಡಲು ಎರಡು ಮೂರು ಲೋಟ ಹೊರಗೆ ಚೆಲ್ಲುತ್ತದೆ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಅದನ್ನು ಬಳಸಬಾರದೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದು ಈ ಕಾರಣಕ್ಕೇ. ನೀರಿಲ್ಲದ ಸೀಮೆಯವನಾದ ನನಗೆ ಹಾಗೆ ಚೆಲ್ಲುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೂ ಪರೀಕ್ಷೆಯಲ್ಲಿ ಫ್ಲೋರೈಡ್ ಮಿತಿ ಮೀರಿ ಬಂದರೆ ಬೇರೆ ಯೋಚನೆ ಮಾಡದೆ ಆರ್‌ಓ ಹಾಕಿಸು, ಚೆಲ್ಲುವ ನೀರನ್ನು ಬಕೆಟಿಗೆ ಹಿಡಿದು ನೆಲ ಒರೆಸಲು ಬಳಸು. ಹಾಕಿಸುವಾಗ ಒಂದನ್ನು ಮಾತ್ರ ಮರೆಯಬೇಡ. ರುಚಿಗೆಂದು, ಖನಿಜಾಂಶಕ್ಕೆಂದು ಅದರಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇರುತ್ತದೆ. ಅದನ್ನು ತೆರೆದರೆ ಪೊರೆಯ ಮೂಲಕ ಹಾಯದ ನೀರು ಶುದ್ಧ ನೀರಿಗೆ ಬೆರೆಯುತ್ತದೆ, ತೆಗೆದ ಫ್ಲೋರೈಡೂ ಅದರ ಜೊತೆಗೆ ಹಿಂದಕ್ಕೆ ಬರುತ್ತದೆ. ಅದನ್ನು ಮುಚ್ಚಿಸಿಯೇ ಇಡು. ಯಂತ್ರದಿಂದ ಬರುವ ನೀರನ್ನೂ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕೊಡು, ಏಕೆಂದರೆ ಪೊರೆ ಸವೆದದ್ದು ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಅನ್ನ, ಸಾರು, ಮುದ್ದೆಯ ಎಸರಿಗೂ ಅದೇ ನೀರನ್ನು ಇಡಬೇಕು. ಘಟಕದ ನೀರು ತರುತ್ತಿದ್ದ ದಿನಗಳಲ್ಲೂ ನಮ್ಮ ಮನೆಯಲ್ಲಿ ಅಡುಗೆ ನಡೆಯುತ್ತಿದ್ದದ್ದು ಬೋರ್‌ವೆಲ್ ನೀರಿನಲ್ಲಿಯೇ ಎಂದು ಈಗ ನೆನೆಯುತ್ತೇನೆ.

ಇವತ್ತಿನ ನೀರು ಆ ಗೆರೆಗಳಿಗೆ ಕಾರಣವಲ್ಲ ಎಂದೆ. ಹಾಗೆಂದು ಇವತ್ತಿನ ನೀರು ಹೇಗಿದ್ದರೂ ನಡೆಯುತ್ತದೆ ಎಂದಲ್ಲ. ಹೊರಗೆ ಬರಬೇಕಾದ ಅವನ ಎಷ್ಟೋ ಹಲ್ಲುಗಳು ಇನ್ನೂ ಒಳಗಿವೆ, ಎಂಟು ವರ್ಷದವರೆಗೂ ಅವು ಗಟ್ಟಿಯಾಗುತ್ತಲೇ ಇರುತ್ತವೆ. ನಾನು ಕಳೆದುಕೊಂಡ ಕಾಲವನ್ನು ನೀನು ಕಳೆದುಕೊಳ್ಳಬಾರದು.

ಎಲ್ಲ ಬಿಳಿ ಗೆರೆಯೂ ಫ್ಲೋರೈಡಿನದೇ ಆಗಬೇಕೆಂದಿಲ್ಲ, ಅದನ್ನೂ ಬರೆಯುತ್ತೇನೆ. ಹುಳುಕು ಶುರುವಾಗುವಾಗಲೂ ಬಿಳಿ ಕಲೆ ಬೀಳುತ್ತದೆ, ಎಳೆತನದ ಜ್ವರದಿಂದಲೂ ಪದರ ಕೆಡಬಹುದು, ಚಿಕ್ಕಂದಿನಲ್ಲಿ ಟೂತ್‌ಪೇಸ್ಟ್ ನುಂಗುವ ಮಕ್ಕಳಿಗೂ ಹೀಗಾಗುತ್ತದೆ. ಈಗಲೂ ಬಟಾಣಿ ಕಾಳಿನಷ್ಟು ಪೇಸ್ಟ್ ಮಾತ್ರ ಹಾಕಿ ಉಗುಳಿಸು. ಆದರೆ ಎರಡೂ ಹಲ್ಲುಗಳ ಮೇಲೆ ಒಂದೇ ರೀತಿ ಅಡ್ಡಗೆರೆಗಳು ಬಂದಿದ್ದರೆ ನನ್ನ ಅನುಮಾನ ಮತ್ತೆ ಅಲ್ಲಿಗೇ ಹೋಗುತ್ತದೆ. ದಂತವೈದ್ಯರಿಗೆ ತೋರಿಸುವಾಗ ಅವನು ಆ ಎರಡು ವರ್ಷ ಎಲ್ಲಿದ್ದನೆಂದು ಮುಚ್ಚಿಡದೆ ಹೇಳು, ನನ್ನ ಮನಸ್ಸು ನೋಯುತ್ತದೆಂದು ಹಿಂಜರಿಯಬೇಡ. ಗೆರೆ ಅಷ್ಟರಲ್ಲೇ ನಿಂತಿದ್ದರೆ ಅದು ನೋಟಕ್ಕೆ ಮಾತ್ರ, ಹಲ್ಲಿನ ಗಟ್ಟಿತನಕ್ಕೆ ತೊಂದರೆಯಿಲ್ಲ. ಸಣ್ಣತ್ತೆಗೆ ಆದಂತೆ ಅವನಿಗೆ ಆಗುವುದಿಲ್ಲ. ಇದನ್ನು ನಿನಗೆ ಧೈರ್ಯ ಹೇಳಲೆಂದು ಬರೆದೆನೋ ನನಗೇ ಹೇಳಿಕೊಂಡೆನೋ ತಿಳಿಯದು.

ಮೊನ್ನೆ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದ ಹೆಣ್ಣುಮಗಳೊಬ್ಬಳನ್ನು ಮನೆಗೆ ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿನಿ. ಚಿಕ್ಕ ಗಾಜಿನ ನಳಿಕೆಗೆ ನಮ್ಮ ಬೋರ್‌ವೆಲ್ ನೀರು ಹಾಕಿ, ಪೆಟ್ಟಿಗೆಯಲ್ಲಿದ್ದ ಗುಲಾಬಿ ಬಣ್ಣದ ದ್ರವದ ಹನಿಗಳನ್ನು ಬಿಟ್ಟು ಅಲ್ಲಾಡಿಸಿದಳು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಹಾಗೆಯೇ ಉಳಿಯಬೇಕು. ನೋಡುತ್ತಿದ್ದಂತೆ ಅದು ಮಾಸಿ, ಹಣ್ಣೆಲೆಯ ಹಾಗೆ ಹಳದಿಗೆ ತಿರುಗಿತು. ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಿಡಿದು ಅವಳು, "ಮಿತಿ ದಾಟಿದೆ ಸಾರ್" ಎಂದಳು. ಅಡುಗೆಮನೆಯ ಯಂತ್ರದ ನೀರನ್ನೂ ಹಾಕಿ ನೋಡು ಎಂದೆ. ಅದೂ ಅಷ್ಟೇ ಹಳದಿಯಾಯಿತು.

ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸಲು ಗಾರೆ ಕೆಲಸದವನಿಗೆ ಮುಂಗಡ ಕೊಟ್ಟಿದ್ದೇನೆ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು, ಅದರಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ಬೇಸಗೆ ರಜೆಗೆ ಅವನನ್ನು ಕಳುಹಿಸಲು ಮನಸ್ಸು ಬಂದರೆ ಕಳುಹಿಸು. ಬಾರದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ.

ವೈದ್ಯರು ಏನು ಹೇಳಿದರೆಂದು ಬೇರೆ ಕಾಗದದಲ್ಲಿ, ನನ್ನ ಒಬ್ಬನ ಹೆಸರಿಗೆ ಬರೆ. ನಿನ್ನ ಕಾಗದವನ್ನು ಎಂದಿನಂತೆ ದೊಡ್ಡಮ್ಮನಿಗೆ ಓದಿ ಹೇಳಿದೆ, ಆದರೆ ಆ ಒಂದು ಸಾಲನ್ನು ಬಿಟ್ಟು ಓದಿದೆ. ಪಾಪುವಿನ ಬೆಳ್ಳಿ ಲೋಟವನ್ನು ಅವಳು ಈಗಲೂ ತೊಳೆದು ದೇವರ ಮನೆಯ ಗೂಡಿನಲ್ಲಿ ಇಡುತ್ತಾಳೆ.

ಇಂತಿ ನಿನ್ನ
ದೊಡ್ಡಪ್ಪ