ಹೊಸ ವೈರಿಂಗ್ ಶುರು ಮಾಡೋ ಮುಂಚೆ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ಮನೆಗೆ ಪೂರ್ತಿ ಹೊಸ ವೈರಿಂಗ್ ಮಾಡಿಸುತ್ತೀರಿ ಅಂತ ತಮ್ಮ ಹೇಳಿದ. ಬಹಳ ಖುಷಿಯಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಲೆಕ್ಟ್ರಿಷಿಯನ್ ಬಂದಾಗ ಈ ಕಾಗದವನ್ನು ಅವರಿಗೂ ತೋರಿಸಿ.

ಅಪ್ಪ, ಇಲ್ಲಿಯ ಪ್ಲಗ್ ಯಾಕೆ ಬೇರೆ ಥರ ಅಂತ ಕೇಳಿದ್ದಿರಿ. ಕರೆಂಟ್ ಎರಡೂ ಕಡೆ ಒಂದೇ, 230 ವೋಲ್ಟ್, 50 ಹರ್ಟ್ಜ್. ಅಮ್ಮ ಕೊಟ್ಟ ಮಿಕ್ಸಿ ಒಂದು ಅಡಾಪ್ಟರ್ ಸಿಕ್ಕಿಸಿದರೆ ಸಲೀಸಾಗಿ ತಿರುಗುತ್ತದೆ. ಅಮೆರಿಕದಲ್ಲಿ ಹಾಗಾಗುವುದಿಲ್ಲ, ಅಲ್ಲಿ 120 ವೋಲ್ಟ್. ನಮ್ಮ ದುಂಡು ಪಿನ್ನಿನ ಪ್ಲಗ್ ಕೂಡ ಮೂಲದಲ್ಲಿ ಇವರದ್ದೇ. ಇಲ್ಲಿ 1934ರಲ್ಲಿ ಗೊತ್ತುಮಾಡಿದ 5 ಆಂಪ್, 15 ಆಂಪ್ ಪ್ಲಗ್‌ಗಳೇ ನಮ್ಮಲ್ಲಿ 6 ಮತ್ತು 16 ಆಂಪ್ ಆಗಿ ಉಳಿದುಕೊಂಡವು. ಇವರು 1947ರಲ್ಲಿ ಚಪ್ಪಟೆ ಪಿನ್ನಿಗೆ ಬದಲಾದರು. ನಮ್ಮ ಗೀಸರ್‌ಗೆ ಹಾಕುವ ದಪ್ಪ ಪ್ಲಗ್‌ನ ಜಾತಿಯದು ಇಲ್ಲಿ ಈಗಲೂ ನಾಟಕದ ರಂಗದ ದೀಪಗಳಿಗೆ ಬಳಕೆಯಲ್ಲಿದೆ.

ಬದಲಾಗಲು ಕಾರಣ ಎರಡನೇ ಮಹಾಯುದ್ಧ. ಬಾಂಬ್ ಬಿದ್ದು ಹಾಳಾದ ಮನೆಗಳ ಬದಲು ಲಕ್ಷಗಟ್ಟಲೆ ಮನೆ ಕಟ್ಟಬೇಕಿತ್ತು, ತಾಮ್ರಕ್ಕೆ ಬರ. ಅದಕ್ಕೇ ಒಂದೇ ವೈರು ಮೀಟರ್ ಪೆಟ್ಟಿಗೆಯಿಂದ ಹೊರಟು, ಎಲ್ಲ ಸಾಕೆಟ್‌ಗಳನ್ನು ಮುಟ್ಟಿ, ಮತ್ತೆ ಪೆಟ್ಟಿಗೆಗೇ ಸೇರುವ ರಿಂಗ್ ಪದ್ಧತಿ ತಂದರು. ಆ ಸುತ್ತಿಗೆ ಈಗ 32 ಆಂಪ್‌ನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಇರುತ್ತದೆ. ಆದರೆ ಟೇಬಲ್ ದೀಪದ ತೆಳು ವೈರು ಕಾದು ಕರಗಿದರೂ 32 ಆಂಪ್‌ನ ಎಂಸಿಬಿ ಬೀಳದೇ ಇರಬಹುದು, ಅಲ್ವಾ? ಹಾಗಾಗಿ ಪ್ರತಿ ಪ್ಲಗ್‌ನ ಹೊಟ್ಟೆಯಲ್ಲೇ ಒಂದು ಸಣ್ಣ ಫ್ಯೂಸ್ ಇಟ್ಟಿದ್ದಾರೆ. ದೀಪಕ್ಕೆ 3 ಆಂಪ್, ಕೆಟಲ್‌ಗೆ 13 ಆಂಪ್. ಈ ರಿಂಗ್ ಪದ್ಧತಿ ನಮಗೆ ಬೇಡ. ನಮ್ಮ ಪ್ಲಗ್‌ಗಳಲ್ಲಿ ಫ್ಯೂಸ್ ಇಲ್ಲ. ಗೀಸರ್, ಫ್ರಿಜ್, ವಾಷಿಂಗ್ ಮಷೀನ್‌ಗೆ ಬೇರೆ ಬೇರೆ ಲೈನ್ ಎಳೆಸಿ, ಒಂದೊಂದಕ್ಕೂ ಅದರದೇ ಎಂಸಿಬಿ ಹಾಕಿಸಿ.

ಇಲ್ಲಿಂದ ಕಲಿಯಬೇಕಾದದ್ದು ಆರ್ಥ್ ಪಿನ್ನಿನ ಬಗ್ಗೆ ಇವರಿಗಿರುವ ಕಾಳಜಿ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಮೂರನೇ ಪಿನ್ ಅದು. ಉಳಿದೆರಡಕ್ಕಿಂತ ಉದ್ದ, ಅದೇ ಮೊದಲು ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಅದು ಹೋದಮೇಲೇ ಫೇಸ್ (ಕರೆಂಟ್ ಬರುವ), ನ್ಯೂಟ್ರಲ್ (ವಾಪಸ್ ಹೋಗುವ) ತೂತುಗಳ ಮುಚ್ಚಳ ತೆರೆದುಕೊಳ್ಳುತ್ತದೆ. ಪ್ಲಗ್‌ನ ಒಳಗೂ ಆರ್ಥ್ ವೈರನ್ನು ಸ್ವಲ್ಪ ಉದ್ದ ಬಿಟ್ಟಿರುತ್ತಾರೆ. ಯಾರಾದರೂ ವೈರು ಜಗ್ಗಿದರೆ ಅದು ಕೊನೆಗೆ ಕಿತ್ತು ಬರಲಿ ಅಂತ. ಯುದ್ಧದ ನಂತರದ ಮನೆಗಳ ವೈರಿಂಗ್ ಹೇಗಿರಬೇಕು ಅಂತ ನೋಡಲು ಇಲ್ಲಿ ಒಂದು ಸಮಿತಿ ಮಾಡಿದ್ದರು. ಸಣ್ಣ ಮಕ್ಕಳಿಗಾಗಿ ಇಂಥ ಮುಚ್ಚಳದ ರಕ್ಷಣೆ ತುಂಬಾ ಮುಖ್ಯ ಎಂದು ಅದರ 1944ರ ವರದಿಯಲ್ಲೇ ಬರೆದಿದ್ದರು. ಆ ಸಮಿತಿಯಲ್ಲಿದ್ದ ಒಬ್ಬರೇ ಮಹಿಳೆ ಎಂಜಿನಿಯರ್ ಕ್ಯಾರೊಲಿನ್ ಹ್ಯಾಸ್ಲೆಟ್. ಅವರ ಬಗ್ಗೆ ನನಗೆ ತುಂಬಾ ಗೌರವ.

ನಮ್ಮ ಕಡೆ ಏನು ಮಾಡುತ್ತೇವೆ? ಮೂರನೇ ಪಿನ್ ಇಲ್ಲದ ಪ್ಲಗ್ ತಂದು, ಮೇಲಿನ ತೂತಿಗೆ ಪೆನ್ನೋ ಕಡ್ಡಿಯೋ ಚುಚ್ಚಿ ಮುಚ್ಚಳ ತೆರೆಯುತ್ತೇವೆ. ದಯವಿಟ್ಟು ಇನ್ನು ಅದು ಬೇಡ. ಪುಟ್ಟಿ ಈಗ ಅಂಬೆಗಾಲಿಡುತ್ತಾಳೆ, ನೋಡಿದ್ದನ್ನೆಲ್ಲ ಮಾಡುತ್ತಾಳೆ. ಐಎಸ್‌ಐ ಗುರುತಿನ, ಮುಚ್ಚಳ ಇರುವ ಸಾಕೆಟ್‌ಗಳನ್ನೇ ತರಿಸಿ.

ಆರ್ಥಿಂಗ್ ಗುಂಡಿಯನ್ನು ಮಳೆಗಾಲಕ್ಕೆ ಮುಂಚೆ ಹೊಸದಾಗಿ ತೋಡಿಸಿ. ಇದ್ದಿಲು, ಉಪ್ಪು ಹಾಕಿ ಪೈಪ್ ಇಳಿಸಲಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ನಲ್ಲಿ ಪೈಪಿಗೆ ಆರ್ಥ್ ಕಟ್ಟಿದರೆ ಒಪ್ಪಬೇಡಿ. ಈಗಿನದೆಲ್ಲ ಪ್ಲಾಸ್ಟಿಕ್ ಪೈಪ್, ಏನೂ ಉಪಯೋಗವಿಲ್ಲ. ಇನ್ನೊಂದು ಅಪಾಯದ ಕೆಲಸ ಇದೆ: ಸಾಕೆಟ್‌ನಲ್ಲೇ ನ್ಯೂಟ್ರಲ್ ಮತ್ತು ಆರ್ಥ್ ಸೇರಿಸಿಬಿಡುವುದು. ಮುಂದೆ ಎಲ್ಲಾದರೂ ನ್ಯೂಟ್ರಲ್ ಕಿತ್ತುಹೋದರೆ ಫ್ರಿಜ್‌ನ ಮೈಗೇ ಕರೆಂಟ್ ಬರುತ್ತದೆ. ಅದಕ್ಕೆ ಖಡಾಖಂಡಿತವಾಗಿ ಬೇಡ ಎನ್ನಿ.

ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಯಾಕೆ ಅಂತ ತಮ್ಮ ಕೇಳಿದ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕೊಲ್ಲಲು ಒಂದು ಆಂಪ್‌ನ ಸಣ್ಣ ಪಾಲು ಸಾಕು, ಅಷ್ಟಕ್ಕೆ ಎಂಸಿಬಿ ಬೀಳುವುದಿಲ್ಲ. ಆರ್‌ಸಿಸಿಬಿ ಮಾತ್ರ ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ನೋಡುತ್ತಿರುತ್ತದೆ. 30 ಮಿಲಿಆಂಪ್, ಅಂದರೆ ಒಂದು ಆಂಪ್‌ನ ಸಾವಿರದಲ್ಲಿ ಮೂವತ್ತು ಪಾಲು, ಎಲ್ಲೋ ಸೋರಿದರೂ ತಕ್ಷಣ ಕರೆಂಟ್ ಕಡಿದುಬಿಡುತ್ತದೆ. 30 ಮಿಲಿಆಂಪ್‌ನದ್ದೇ ಆಗಬೇಕು, ಅದರ ಮೇಲೆ ಬರೆದಿರುತ್ತದೆ. ದುಡ್ಡು ನಾನು ಕಳಿಸುತ್ತೇನೆ, ಇದರಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡುವ ಕೆಲಸ ತಮ್ಮನದು.

ಅಮ್ಮ, ನಿನ್ನ ಬಚ್ಚಲಮನೆ ವಿಷಯ. ಇಲ್ಲಿ ಸ್ನಾನದ ಮನೆಯಲ್ಲಿ ಸಾಮಾನ್ಯವಾಗಿ ಶೇವರ್ ಪಾಯಿಂಟ್ ಒಂದನ್ನು ಬಿಟ್ಟರೆ ಪ್ಲಗ್ ಪಾಯಿಂಟೇ ಇರುವುದಿಲ್ಲ. ಇಲ್ಲಿಯ ನನ್ನ ಮನೆಯ ಸ್ನಾನದ ಕೋಣೆಯಲ್ಲಿ ದೀಪ ಹಾಕಲು ಮೇಲಿಂದ ಜೋತುಬಿದ್ದ ದಾರ ಎಳೆಯಬೇಕು. ಹಾಗಾಗಿ ಗೀಸರ್ ಸ್ವಿಚ್ ಬಾಗಿಲಿನ ಹೊರಗೇ ಇರಲಿ. ಸೆಕೆಯೋ ಚಳಿಯೋ, ಒದ್ದೆ ಕೈಯಲ್ಲಿ ಹೋಗಿ ಸ್ವಿಚ್ ಒತ್ತುವುದು ನಿನ್ನ ಅಭ್ಯಾಸ. ನನಗೆ ಅದೇ ಭಯ.

ಗೋಡೆಗೆ ಗಾರೆ ಮೆತ್ತುವ ಮುಂಚೆ, ವೈರಿನ ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ಪ್ರತಿ ಗೋಡೆಯ ಫೋಟೋ ತೆಗೆದು ನನಗೆ ಕಳಿಸಲು ತಮ್ಮನಿಗೆ ಹೇಳಿ. ಆಮೇಲೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ನಿಮ್ಮ ಪ್ರೀತಿಯ,
ದೊಡ್ಡ ಮಗ