ಹೆದರಿಕೆಯನ್ನು ಕೇಳಿಸಿಕೊಂಡ ಡಾಕ್ಟರಿಗೆ

ಪಿತ್ತಕೋಶದ ಆಪರೇಷನ್ ಮುಗಿಯಿತು. ಕಲ್ಲುಗಳ ಸಮೇತ ಅದು ಹೋಯಿತು, ನಾನು ಉಳಿದೆ. ದಾವಣಗೆರೆಯ ಮನೆಯಲ್ಲಿದ್ದೇನೆ, ಅನ್ನ ಸಾರು ಸೇರುತ್ತಿದೆ. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಕಥೆ ಹೇಳುವಷ್ಟು ತ್ರಾಣ ಇನ್ನೂ ಬಂದಿಲ್ಲ. ಅದಕ್ಕೇ ಒಟ್ಟಿಗೇ ಬರೆಯುತ್ತಿದ್ದೇನೆ.

ಸರ್ಜನ್‌ಗೆ ಮೊದಲ ನಮಸ್ಕಾರ. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಅಷ್ಟೇ. ಅವರ ಕೈಗುಣದ ಬಗ್ಗೆ ಊರೇ ಮಾತಾಡುತ್ತದೆ, ನಾನು ಸೇರಿಸುವುದೇನೂ ಇಲ್ಲ. ನಾನು ಹೇಳಬೇಕಾದದ್ದು ಅರಿವಳಿಕೆ ಡಾಕ್ಟರ್, ಅಂದರೆ ಅನಸ್ತೇಶಿಯಾ ಕೊಡುವವರ ಬಗ್ಗೆ.

ನನಗೆ ಕತ್ತರಿಯ ಭಯ ಇರಲಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಎಚ್ಚರವೇ ಆಗದಿದ್ದರೆ? ಇಲ್ಲಾ, ಅರ್ಧಕ್ಕೇ ಎಚ್ಚರವಾದರೆ? ತಲೆ ಕೊರೆಯುತ್ತಿದ್ದದ್ದು ಇವೆರಡೇ. ಯಾರಿಗೆ ಹೇಳಿಕೊಂಡರೂ ಒಂದೇ ಉತ್ತರ: "ಏನೂ ಆಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ." ಪ್ರೀತಿಯಿಂದಲೇ ಅಂದದ್ದು, ಗೊತ್ತು. ಆದರೆ ಆ ಮಾತು ಬಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಭಯ ಮಾತ್ರ ಇದ್ದಲ್ಲೇ ಇರುತ್ತಿತ್ತು.

ಈ ಮೇಡಂ ಹಿಂದಿನ ದಿನ ವಾರ್ಡಿಗೆ ಬಂದರು. ಬಾಯಿ ಅಗಲ ತೆರೆಸಿದರು, ಕುತ್ತಿಗೆ ಹಿಂದಕ್ಕೆ ಬಾಗಿಸಿದರು. ಅಲುಗಾಡುವ ಹಲ್ಲು ಇದೆಯಾ, ಆಸ್ತಮಾ ಇದೆಯಾ, ಯಾವ ಮಾತ್ರೆ ತಗೋತೀರಿ ಅಂತ ಕೇಳಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, "ಹೆದರಿಕೆ ಯಾವುದಕ್ಕೆ?" ಅಂದರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಎರಡೂ ಹೇಳಿದೆ. ಅವರು ನಗಲಿಲ್ಲ. "ಇಂಜೆಕ್ಷನ್ ಕೊಟ್ಟು ನಾನು ಹೊರಗೆ ಹೋಗಲ್ಲ. ನೀವು ಕಣ್ಣು ಬಿಡೋ ತನಕ ನಿಮ್ಮ ಜೊತೆಗೇ ಇರ್ತೀನಿ" ಅಂದರು. ಎದೆಬಡಿತ, ಬಿಪಿ, ರಕ್ತದ ಆಕ್ಸಿಜನ್, ಉಸಿರಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್, ಎಲ್ಲವನ್ನೂ ಮಾನಿಟರ್‌ನಲ್ಲಿ ನೋಡುತ್ತಲೇ ಇರುತ್ತಾರಂತೆ. ಮಧ್ಯೆ ಎಚ್ಚರವಾಗುವುದು? "ತುಂಬಾ ಅಪರೂಪ. ಆಗೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಆಗದ ಹಾಗೆ ಔಷಧದ ಅಳತೆ ನೋಡ್ಕೊಳ್ಳೋದೇ ನನ್ನ ಕೆಲಸ." ನನಗೆ ಧೈರ್ಯ ಬಂದದ್ದು ಈ ಉತ್ತರದಿಂದ. ಒಬ್ಬರಾದರೂ ನಿಜ ಹೇಳಿದರಲ್ಲ!

ಆರು ಗಂಟೆ ಮೊದಲು ಊಟ ನಿಲ್ಲಬೇಕು, ಬರೀ ನೀರು ಎರಡು ಗಂಟೆ ಮೊದಲಿನ ತನಕ ಪರವಾಗಿಲ್ಲ ಅಂತ ಹೇಳಿದ್ದರು. ಬೆಳಿಗ್ಗೆ ಅತ್ತೆ "ಒಂದು ಗುಟುಕು ಹಾಲಾದ್ರೂ" ಅಂತ ಲೋಟ ಹಿಡಿದು ಬಂದರು. ಹಾಲು ಊಟದ ಲೆಕ್ಕಕ್ಕೇ ಬರುತ್ತದೆ. ಮತ್ತಿನಲ್ಲಿ ಗಂಟಲಿನ ಕಾವಲು ಇರುವುದಿಲ್ಲ, ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನು ಅತ್ತೆಗೆ ವಿವರಿಸಿದ ನೈಟ್ ಸಿಸ್ಟರ್‌ಗೂ ಥ್ಯಾಂಕ್ಸ್. ರಾತ್ರಿ ಅಲ್‌ಪ್ರಜೋಲಾಮ್ ಮಾತ್ರೆ ಕೊಟ್ಟು ನನ್ನನ್ನು ಮಲಗಿಸಿದವರೂ ಅವರೇ.

ಕರೆಂಟಿನ ಉಪಕರಣ ಬಳಸುವುದರಿಂದ ಮೈಮೇಲೆ ಲೋಹ ಇರಬಾರದು ಅಂದಾಗ ತಾಳಿ ಬಿಚ್ಚಬೇಕಾಯಿತು. ಅತ್ತೆಯ ಮುಖ ಸಪ್ಪಗಾಯಿತು. ಆಯಾ ಅಮ್ಮ ಏನೂ ಮಾತಾಡದೆ ಎಲ್ಲಿಂದಲೋ ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ ಅವರ ಕೈಗೆ ಕೊಟ್ಟರು. ಡಾಕ್ಟರ್ ನೋಡಿ, ಆಗಬಹುದು ಅಂದರು. ಈ ಆಯಾ ಅಮ್ಮನ ಹೆಸರು ಯಾವ ಬಿಲ್ಲಿನಲ್ಲೂ ಇಲ್ಲ.

ಓಟಿ ಬಾಗಿಲಲ್ಲಿ ಮತ್ತೆ ಕೈ ನಡುಗಿತು. ಮೇಡಂ ಡ್ರಿಪ್ಪಿಗೆ ಮಿಡಜೋಲಾಮ್ ಹಾಕಿದರು. ಅಲ್ಲಿಂದ ಮುಂದೆ ನನಗೆ ಏನೂ ಗೊತ್ತಿಲ್ಲ. ಆ ಔಷಧ ಭಯದ ಜೊತೆ ನೆನಪನ್ನೂ ತಡೆಯುತ್ತದಂತೆ. ಪ್ರೊಪೊಫಾಲ್ ಅಂತ ಹಾಲಿನ ಬಣ್ಣದ ಇಂಜೆಕ್ಷನ್ ಕೊಡುವಾಗ ಕೈ ಉರಿಯುತ್ತದೆ ಅಂದಿದ್ದರು. ಉರಿದಿರಬೇಕು. ಪ್ರಜ್ಞೆ ತಪ್ಪುವ ಮೊದಲು ನಾನು ಅಲ್ಲಿದ್ದವರಿಗೆಲ್ಲ ಖಾರ ಮಂಡಕ್ಕಿ ಮಾಡುವುದನ್ನು ಹೇಳಿಕೊಟ್ಟೆನಂತೆ. ಬೆಳ್ಳುಳ್ಳಿ ಜಾಸ್ತಿ ಹಾಕಿ ಅಂತ ಒತ್ತಿ ಹೇಳಿದೆನಂತೆ. ಸರಿಯಾಗಿಯೇ ಹೇಳಿದ್ದೇನೆ ಬಿಡಿ.

ಎಚ್ಚರವಾದಾಗ ಚಳಿ, ಗಂಟಲು ನೋವು, ಆಮೇಲೆ ಹೆಗಲು ನೋವು. ಹೊಟ್ಟೆ ಆಪರೇಷನ್ನಿಗೆ ಹೆಗಲು ಯಾಕೆ ನೋಯಬೇಕು, ಅಲ್ವಾ? ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್, ಎದೆ ಹೊಟ್ಟೆಗಳ ನಡುವಿನ ವಪೆಯನ್ನು (ಡಯಾಫ್ರಮ್) ಕೆಣಕುತ್ತದೆ, ಅದರ ನರದ ದಾರಿಯಲ್ಲಿ ನೋವು ಹೆಗಲಲ್ಲಿ ಕಾಣಿಸುತ್ತದೆ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಇಲ್ಲದಿದ್ದರೆ ಹಾರ್ಟ್ ಅಟ್ಯಾಕ್ ಅಂತ ವಾರ್ಡ್ ಎಬ್ಬಿಸುತ್ತಿದ್ದೆ.

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ಹಲ್ಲಿನ ಡಾಕ್ಟರ್ ಈಥರ್ ಕೊಟ್ಟು, ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ. ಅದೇ ದಿನವನ್ನು ಈಗ ವಿಶ್ವ ಅರಿವಳಿಕೆ ದಿನ ಅಂತ ಆಚರಿಸುತ್ತಾರೆ. ಮುಂದಿನ ಅಕ್ಟೋಬರ್‌ನಲ್ಲಿ ಮೇಡಂಗೆ ಒಂದು ಡಬ್ಬ ಖಾರ ಮಂಡಕ್ಕಿ ಹೋಗುತ್ತದೆ, ಮಾತು ಕೊಟ್ಟಿದ್ದೇನೆ.

ನನ್ನ ಕ್ಲಾಸುಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಆಸ್ಪತ್ರೆಯ ಬೆಂಚಿನ ಮೇಲೇ ರಾತ್ರಿ ಕಳೆದ ತಂಗಿಗೆ, ಮನೆಗೆ ಸಾರು ಕಳಿಸಿದ ಪಕ್ಕದ ಮನೆಯವರಿಗೆ ನನ್ನ ಪ್ರೀತಿ. ನೋಡಲು ಬರುವವರು ಬನ್ನಿ, ಆದರೆ ದಯವಿಟ್ಟು ಮೆಣಸಿನಕಾಯಿ ಬಜ್ಜಿ ತರಬೇಡಿ. ಸದ್ಯಕ್ಕೆ ಕರಿದದ್ದು ಬೇಡ ಅಂದಿದ್ದಾರೆ. ನಮ್ಮ ಯಜಮಾನರು ನನ್ನೆದುರೇ ಕೂತು ಎಲ್ಲವನ್ನೂ ಖಾಲಿ ಮಾಡುತ್ತಾರೆ.